ಸ್ಪ್ಯಾನಿಶ್ ಕೋರ್ಟ್ ಪದಗಳು ನಂಗೆ ತಲೆಗೆ ಹತ್ತಿದ್ದು ಕನ್ನಡದಿಂದ

ಸ್ಪ್ಯಾನಿಶಲ್ಲಿ ಬಿ2, ಅಂದ್ರೆ ಮಧ್ಯಮಕ್ಕಿಂತ ಸ್ವಲ್ಪ ಮೇಲಿನ ಹಂತ, ಮುಗಿಸಿ ಅನುವಾದದ ಕೆಲಸ ಹಿಡಿದಾಗ ಮೊದ್ಲು ಬಂದ ದೊಡ್ಡ ಫೈಲು ಸ್ಪೇನಿನ ಒಂದು ಬಾಡಿಗೆ ಕೇಸಿಂದು. ಮೇಲೇ 'ಸೆಂತೆನ್ಸಿಯಾ' ಅಂತಿತ್ತು, ನಾನು ಇಂಗ್ಲಿಷಲ್ಲಿ ಸೆಂಟೆನ್ಸ್ ಅಂತಲೇ ಹಾಕ್ಬಿಟ್ಟೆ. ಬಾಡಿಗೆ ಬಾಕಿ ಇಟ್ಟವನಿಗೆ ಶಿಕ್ಷೆ ಎಲ್ಲಿಂದ ಬಂತು ಅಂತ ಚೆಕ್ ಮಾಡೋರು ಕೇಳಿದಾಗ್ಲೇ ಗೊತ್ತಾಗಿದ್ದು, ಅದು ಬರೀ ತೀರ್ಪು, ಶಿಕ್ಷೆಗೆ 'ಪೇನಾ' ಅಂತಾರೆ.

ಆವತ್ತಿಂದ ನೋಟ್‌ಬುಕ್ಕಲ್ಲಿ ಇಂಗ್ಲಿಷ್ ಕಾಲಂ ತೆಗೆದು ಕನ್ನಡ ಹಾಕ್ದೆ. ಅಪ್ಪ ಜಮೀನಿನ ದಾವೆಗೆ ತಾಲ್ಲೂಕು ಕೋರ್ಟಿಗೆ ವರ್ಷಗಟ್ಲೆ ಅಲೆದಿದ್ರಿಂದ ವಾದಿ, ಪ್ರತಿವಾದಿ, ಫಿರ್ಯಾದು, ವಾಯಿದೆ ಎಲ್ಲಾ ಮನೇಲೇ ಕಿವಿಗೆ ಬಿದ್ದಿದ್ವು. ಇಂಗ್ಲಿಷಲ್ಲಿ ಎಲ್ಲದಕ್ಕೂ ಕಂಪ್ಲೇಂಟ್ ಅಂತ ಬರ್ದು ಗೊಂದಲ ಆಗೋ ಮೂರು ಪದ ಕನ್ನಡದಲ್ಲಿ ಬೇರೆಬೇರೆಯಾಗೇ ಕೂತ್ವು: ಅಪರಾಧ ನಡೀತು ಅಂತ ಪೊಲೀಸರಿಗೋ ಜಡ್ಜಿಗೋ ತಿಳಿಸೋದು 'ದೆನುನ್ಸಿಯಾ', ಅಂದ್ರೆ ದೂರು, ವಕೀಲರ ಮೂಲಕ ಕೋರ್ಟಿಗೇ ಹೋಗಿ ಕ್ರಿಮಿನಲ್ ಕೇಸಲ್ಲಿ ತಾನೂ ಒಬ್ಬ ಪಕ್ಷಗಾರ ಆಗೋದು 'ಕೆರೆಯಾ', ನಮ್ಮ ಖಾಸಗಿ ಫಿರ್ಯಾದಿಗೆ ಹತ್ರ, ಸಿವಿಲ್ ದಾವೆ 'ದೆಮಾಂದಾ'.

ತೀರ್ಪುಗಳನ್ನ ನಾನು ಕೊನೆಯಿಂದ ಓದ್ತೀನಿ. ಅವನ್ನ ಬರೆಯೋ ಕ್ರಮ ಹೀಗೆ: ಮೊದ್ಲು ನಡೆದ ಸಂಗತಿ, ಆಮೇಲೆ ಕಾನೂನಿನ ಆಧಾರ, ಕಡೇಲಿ 'ಫಾಯೊ'. ಈ ಪದಕ್ಕೆ ವೈಫಲ್ಯ ಅಂತನೂ ಅರ್ಥ ಇದೆ, ಕೋರ್ಟಲ್ಲಿ ಮಾತ್ರ ಜಡ್ಜ್ ಕೊಟ್ಟ ಆದೇಶ. ಅಲ್ಲಿ 'ದೆಬೊ ಕೊಂದೆನಾರ್ ಇ ಕೊಂದೆನೊ' ಅಂತ, ಶಿಕ್ಷೆ ವಿಧಿಸಬೇಕು, ವಿಧಿಸ್ತೀನಿ ಅನ್ನೋ ಹಾಗೆ ಕೇಳೋ ಒಂದು ಹಳೇ ಧಾಟಿ ಬರುತ್ತೆ, ಸಿವಿಲ್ ಕೇಸಲ್ಲಿ ಅದನ್ನ ನೋಡಿ ಯಾರನ್ನೋ ಅಪರಾಧಿ ಮಾಡಿದ್ರು ಅಂದ್ಕೋಬೇಡಿ, ಇಷ್ಟು ದುಡ್ಡು ಕೊಡು ಅಂತ ಆದೇಶ ಅಷ್ಟೇ.

ಪ್ರತಿ ಪದದ ಪಕ್ಕ ದೇಶ ಮತ್ತು ವರ್ಷ ಬರ್ಕೊಳ್ಳೋದು ನಂಗೆ ತುಂಬಾ ಉಪಯೋಗ ಆಯ್ತು. ತನಿಖೆ ಎದುರಿಸ್ತಿರೋನನ್ನ ಸ್ಪೇನಲ್ಲಿ 'ಇಂಪುತಾದೊ' ಅಂತಿದ್ರು, 2015ರ ತಿದ್ದುಪಡಿ ಆದ್ಮೇಲೆ 'ಇನ್ವೆಸ್ತಿಗಾದೊ', ಆ ಹಳೇ ಪದಕ್ಕೆ ಕಳಂಕ ಅಂಟಿಕೊಂಡಿತ್ತು ಅಂತ. ಚಿಲಿ, ಅರ್ಜೆಂಟೀನಾದಲ್ಲಿ 'ಇಂಪುತಾದೊ' ಈಗ್ಲೂ ಇದೆ. 'ಪ್ರೊಕುರದೋರ್' ಅಂದ್ರೆ ಸ್ಪೇನಲ್ಲಿ ಕಕ್ಷಿದಾರನ ಪರ ಕೋರ್ಟಿಗೆ ಕಾಗದ ಸಲ್ಲಿಸಿ ನೋಟಿಸ್ ತಗೊಳ್ಳೋರು, ವಾದ ಮಾಡೋ 'ಆಬೊಗಾದೊ'ನೇ ಬೇರೆ. ನಮ್ಮಲ್ಲಿ ಎರಡೂ ವಕೀಲರೇ ಮಾಡೋದ್ರಿಂದ ಇದಕ್ಕೆ ಒಂದು ಸಾಲು ವಿವರಣೆ ಬರೆದಿಟ್ಕೊಂಡೆ.

ನೋಟ್‌ಬುಕ್ಕಲ್ಲಿ 'ಅಂಪಾರೊ' ಪದದ ಎದುರು ಕನ್ನಡ ಕಾಲಂ ಇನ್ನೂ ಖಾಲಿ. ಅಧಿಕಾರದಲ್ಲಿರೋರು ಹಕ್ಕು ತುಳಿದಾಗ ಕೋರ್ಟಿಂದ ರಕ್ಷಣೆ ಕೇಳೋ ಅರ್ಜಿ ಅದು. ಮೆಕ್ಸಿಕೊದಲ್ಲಿ ಯುಕತಾನ್ ರಾಜ್ಯದ 1841ರ ಸಂವಿಧಾನದಲ್ಲಿ ಹುಟ್ಟಿದ್ದು ಅದು. ಮೊದ್ಲು ರಿಟ್ ಅರ್ಜಿ ಅಂತ ಬರೆದಿದ್ದೆ, ಆದ್ರೆ ಅಲ್ಲಿ ಕೆಳಗಿನ ಕೋರ್ಟಿನ ಅಂತಿಮ ತೀರ್ಪನ್ನೇ ಅಂಪಾರೊದಲ್ಲಿ ಪ್ರಶ್ನೆ ಮಾಡೋದು ದಿನನಿತ್ಯದ ಮಾತು ಅಂತ ಓದಿದ್ಮೇಲೆ ಹೊಡೆದುಹಾಕ್ದೆ. ಅನುವಾದದಲ್ಲಿ ಸದ್ಯಕ್ಕೆ ಅಂಪಾರೊ ಅಂತಲೇ ಇಟ್ಟಿದೀನಿ.