ಪಿಂಗ್ಯಾವೊ ಕೋಟೆ ಊರು: ಕಡಿಮೆ ಖರ್ಚಿನಲ್ಲಿ ನೋಡುವುದು ಹೇಗೆ?

ಚೀನಾದ ಶಾನ್ಶಿ ಪ್ರಾಂತ್ಯದ ಪಿಂಗ್ಯಾವೊಗೆ ಹೊರಟವರು ಮೊದಲು ರೈಲು ನಿಲ್ದಾಣದ ಹೆಸರು ನೋಡಿಕೊಳ್ಳಿ. ಹೈಸ್ಪೀಡ್ ರೈಲು ನಿಲ್ಲುವುದು ಊರಾಚೆಯ 'ಪಿಂಗ್ಯಾವೊ ಗುಚೆಂಗ್'ನಲ್ಲಿ. ಅಲ್ಲಿಂದ ಬಸ್ಸು ಹಿಡಿಯಬೇಕು. ಹಳೆಯ 'ಪಿಂಗ್ಯಾವೊ' ನಿಲ್ದಾಣಕ್ಕೆ ಬರುವ ಸಾಧಾರಣ ರೈಲು ನಿಧಾನ, ಆದರೆ ಅಗ್ಗ. ಇಳಿದು ನಡೆದರೆ ಕೋಟೆಯೇ ಸಿಗುತ್ತದೆ.

ಕೋಟೆಯೊಳಗಿನ ಬೀದಿಗಳಲ್ಲಿ ಅಲೆಯಲು ಟಿಕೆಟ್ ಬೇಡ. 1370ರಲ್ಲಿ ಮಿಂಗ್ ಅರಸರ ಕಾಲದಲ್ಲಿ ಕಟ್ಟಿದ, ಸುಮಾರು ಆರು ಕಿಲೋಮೀಟರ್ ಸುತ್ತಳತೆಯ ಗೋಡೆಯನ್ನು ಹತ್ತಲು ಮತ್ತು ವಸ್ತುಸಂಗ್ರಹಾಲಯಗಳನ್ನು ನೋಡಲು ಮಾತ್ರ ಎಲ್ಲಕ್ಕೂ ಸೇರಿದ ಒಂದೇ ಟಿಕೆಟ್ ಬೇಕು. ಒಂದೇ ದಿನ ಇರುವವರಿಗೆ ಅದು ದುಬಾರಿ ಎನಿಸಬಹುದು. ಆದರೂ 1823ರ ರಿಶೆಂಗ್‌ಚಾಂಗ್ ಹುಂಡಿ ಅಂಗಡಿಯನ್ನು, ಅಂದರೆ ಊರಿಂದೂರಿಗೆ ಹಣ ರವಾನಿಸುತ್ತಿದ್ದ ಹಳೆಯ ಬ್ಯಾಂಕನ್ನು, ತಪ್ಪಿಸಬೇಡಿ; ಹಣವಾಗಿ ಬೆಳ್ಳಿ ಹೊತ್ತು ತಿರುಗುವ ಕಷ್ಟವನ್ನು ಒಂದು ಚೀಟಿಯಲ್ಲಿ ಮುಗಿಸಿದ ಜಾಣರು ಅದರ ವರ್ತಕರು.

ಹಳೆಯ ತೊಟ್ಟಿಮನೆಗಳೇ ಈಗ ವಸತಿಗೃಹಗಳು. ವಿದೇಶಿಯರಿಗೆ ಕೋಣೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಮಲಗಲು 'ಕಾಂಗ್' ಎಂಬ ಇಟ್ಟಿಗೆಯ ಜಗಲಿ ಸಿಕ್ಕರೆ ಅದೃಷ್ಟ.

ಸಸ್ಯಾಹಾರಿಗಳು 'ವೋ ಚ್ರ್ ಸು' (ನಾನು ಸಸ್ಯಾಹಾರಿ) ಎನ್ನುವುದರ ಜೊತೆಗೆ, ಅದನ್ನೇ ಚೀನೀ ಲಿಪಿಯಲ್ಲಿ ಬರೆದ ಚೀಟಿಯನ್ನೂ ತೋರಿಸಿ. ಜೇನುಗೂಡಿನಂತೆ ಜೋಡಿಸಿದ ಓಟ್ಸ್ ಹಿಟ್ಟಿನ ಸುರುಳಿ, ಮೇಲೆ ಶಾನ್ಶಿಯ ಕಪ್ಪು ವಿನೆಗರ್: ಹೊಟ್ಟೆಗೂ ಹಿತ, ಜೇಬಿಗೂ ಹಿತ. ಅದ್ದಿಕೊಳ್ಳುವ ಸಾರಿನಲ್ಲಿ ಮಾಂಸವಿದೆಯೇ ಎಂದು ಕೇಳಲು ಮರೆಯಬೇಡಿ.