‘ಕಾಮನಬಿಲ್ಲು’ ನೋಡಿ ಯೋಗ ಶುರು ಮಾಡೋರಿಗೆ

1983ರ ‘ಕಾಮನಬಿಲ್ಲು’ ಚಿತ್ರದಾಗ ಅಣ್ಣಾವ್ರು ಯೋಗಾಸನ ಮಾಡೋದು ನೋಡ್ರಿ. ಅವಾಗ ಅವರಿಗೆ 50 ದಾಟಿತ್ತು! ವಯಸ್ಸಾತು ಅಂತ ಕುಂತೋರಿಗೆ ಇದಕ್ಕಿಂತ ಹುರುಪು ಬ್ಯಾರೆ ಬೇಕಿಲ್ಲ. ಆದ್ರ ತೆರಿ ಮ್ಯಾಲಿನ ಕಠಿಣ ಆಸನ ಮೊದಲನೇ ದಿನಾನೇ ಮಾಡಾಕ ಹೋಗಬ್ಯಾಡ್ರಿ, ಅದರ ಹಿಂದ ವರ್ಷಗಟ್ಟಲೆ ಅಭ್ಯಾಸ ಐತಿ.

ಸೂರ್ಯನಮಸ್ಕಾರ ಹಿಡೀರಿ. ಮೊದಲ ವಾರ ದಿನಾ 3 ಸುತ್ತು. ಆಮ್ಯಾಲ ವಾರಕ್ಕ ಒಂದೆರಡು ಹೆಚ್ಚಿಸಿ 12ಕ್ಕ ಒಯ್ಯಿರಿ. ಮುಂದ ಬಾಗುವಾಗ ಉಸಿರು ಬಿಡಬೇಕು, ಹಿಂದ ಬಾಗುವಾಗ ತಗೋಬೇಕು. ಭಾಳ ಮಂದಿ ತಪ್ಪೋದು ಮುಂದ ಬಾಗೋದ್ರಾಗನ: ಮೊಣಕಾಲು ಸೆಟೆಸಿ, ಕೈ ನೆಲಕ್ಕ ಮುಟ್ಟಲೇಬೇಕಂತ ಬೆನ್ನು ಗೂನು ಮಾಡ್ತಾರ. ತೊಡಿ ಹಿಂದಿನ ಸ್ನಾಯು ಬಿಗಿ ಇದ್ದೋರಿಗೆ ಆ ಎಳೆತ ಎಲ್ಲಾ ನಡಕ್ಕ ಬೀಳತೈತಿ. ಮೊಣಕಾಲು ಚೂರು ಮಡಚ್ರಿ, ಸೊಂಟದಿಂದ ಬಾಗ್ರಿ. ಕೈ ಮೊಣಕಾಲಿನ ಕೆಳಗ ಬಂದ್ರೂ ಸಾಕು. ಇದರಾಗ ಬರೋ ಭುಜಂಗಾಸನದಾಗ (ಹೊಟ್ಟಿ ಮ್ಯಾಲ ಮಲಗಿ ಎದಿ ಎತ್ತೋದು) ಮೊಣಕೈ ಮೈಗೆ ಹತ್ತಿರ ಇರಲಿ, ಹೆಗಲು ಕಿವಿ ಕಡೆ ಏರಬಾರದು.

ನಮ್ಮ ವಿಜಯಪುರದ ಬ್ಯಾಸಗಿಗೆ ಮುಂಜಾನೆ 6:30ರೊಳಗ ಮುಗಸ್ರಿ. ರಾತ್ರಿ ಬಿಸಿ ಹಿಡಿದ ಮಾಳಿಗಿಗಿಂತ ಕಿಟಕಿ ತೆಗೆದ ಪಡಸಾಲಿನೇ ಛಲೋ. ನುಣುಪು ಫರಶಿ ಮ್ಯಾಲ ಚಾದರ ಹಾಸಿದ್ರ ಕಾಲು ಜಾರತೈತಿ, ರಬ್ಬರ್ ಮ್ಯಾಟ್ ತಗೋರಿ. ಸಂಜಿಗೆ ಮಾಡೋರು ಊಟ ಆಗಿ 3–4 ತಾಸು ಬಿಡ್ರಿ.

ಬಿಪಿ, ಗ್ಲಾಕೋಮಾ (ಕಣ್ಣಿನ ನರ ಕೆಡಸೋ ರೋಗ), ಕುತ್ತಿಗಿ ನೋವು ಇದ್ದೋರು ಶೀರ್ಷಾಸನದ ತಂಟೆಗೆ ಹೋಗಬ್ಯಾಡ್ರಿ. ಉಳಿದೋರೂ ಗುರುಗಳು ಎದುರಿಗಿದ್ದಾಗಷ್ಟ ಕಲೀರಿ.