ಗುಡ್ಡದ ಊರಿನ ಚರಿತ್ರೆ ಬರೆಯುವ ಬಗೆ

ಸಂಡೂರಿನ ಗುಡ್ಡಸಾಲಿನಲ್ಲೋ ಗಂಗಾವತಿ ಕಡೆಯ ಬಂಡೆಗಳ ನಡುವೆಯೋ ಇರುವ ನೂರಿನ್ನೂರು ಮನೆಯ ಊರಿನ ಚರಿತ್ರೆ ಬರೆಯಲು ಕೂತವರು ಬಹುಪಾಲು ಕೃಷ್ಣದೇವರಾಯನಿಂದಲೇ ಶುರುಮಾಡುತ್ತಾರೆ. ಬರೆದು ಮುಗಿಸುವ ಹೊತ್ತಿಗೆ ಹಂಪಿ ಇರುತ್ತದೆ, ಊರು ಇರುವುದಿಲ್ಲ. ಹೊಲದಿಂದ ಶುರುಮಾಡಿ.

ತಾಲ್ಲೂಕಿನ ಭೂದಾಖಲೆ ಕಚೇರಿಗೆ ಅರ್ಜಿ ಹಾಕಿ ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲು ತೆಗೆದುಕೊಳ್ಳಿ. ನಕ್ಷೆ ಹಿಡಿದು ಊರಿನ ಕುರಿ ಕಾಯುವವರೊಬ್ಬರ ಜೊತೆ ಎಲ್ಲೆಯುದ್ದಕ್ಕೂ ನಡೆಯಿರಿ. ಒಂದೊಂದು ಸರ್ವೆ ನಂಬರಿನ ಮೇಲೂ ಜನ ಕರೆಯುವ ಹೆಸರು ಬರೆಯಿರಿ: ಕೆರೆ ಹಿಂದಲ ಹೊಲ, ಅಗಸರ ಮಾನ್ಯ, ಹಾಳೂರು ದಿಬ್ಬ. ಮಾನ್ಯ ಎಂದಿದ್ದರೆ ಊರಿನ ಚಾಕರಿಗೋ ದೇವರ ಸೇವೆಗೋ ಬಿಟ್ಟ ಭೂಮಿ. ಯಾರು ಯಾವ ಕೆಲಸ ಮಾಡುತ್ತಿದ್ದರು ಎನ್ನುವುದಕ್ಕೆ ಅದೇ ಸಾಕ್ಷಿ. ಹಾಳೂರು ಎಂದಲ್ಲಿ ಮಡಕೆ ಚೂರು, ಬೂದಿ ಮಣ್ಣು, ಕುಸಿದ ಹಗೇವು (ಕಾಳು ತುಂಬಿಡುವ ನೆಲದ ಗುಂಡಿ) ಇದೆಯೇ ನೋಡಿ, ಫೋಟೋ ತೆಗೆಯಿರಿ, ಅಗೆಯಬೇಡಿ. ದಾಖಲೆಯಲ್ಲಿ 'ಬೇಚರಾಕ್' ಎಂದಿರುವ ಗ್ರಾಮ ಪಕ್ಕದಲ್ಲಿದ್ದರೆ ಅದು ಜನವಸತಿ ಇಲ್ಲದ ಊರು. ಅಲ್ಲಿಂದ ಎದ್ದು ಬಂದ ಮನೆತನಗಳು ನಿಮ್ಮೂರಲ್ಲೇ ಇರಬಹುದು, ಕೇಳಿ.

ಹಳೆಯ ಕಾಗದ ಹುಡುಕುವ ಮುನ್ನ ಊರು ಯಾರ ಆಳ್ವಿಕೆಯಲ್ಲಿತ್ತು ಎಂದು ಖಚಿತ ಮಾಡಿಕೊಳ್ಳಿ. ಇಲ್ಲಿ ಎಡವಿದರೆ ತಿಂಗಳುಗಟ್ಟಲೆ ಅಲೆದಾಟ. ಬಳ್ಳಾರಿ ಸೀಮೆಯನ್ನು ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿ ಮದ್ರಾಸ್ ಪ್ರಾಂತ್ಯದ ರೈತವಾರಿ (ಸರ್ಕಾರ ನೇರವಾಗಿ ರೈತನಿಂದಲೇ ಕಂದಾಯ ಪಡೆಯುವ ಪದ್ಧತಿ) ದಾಖಲೆ, 1953ರವರೆಗೆ. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನ, ಹಾಗಾಗಿ ಅದರ ಲೆಕ್ಕಪತ್ರ ಬೇರೆ. ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮರವು. ಕಾಗದ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ: ಫಸಲಿ 1340 ಎಂದರೆ 1930-31.

ಇನ್ನು ಕಲ್ಲು. ನಿಮ್ಮೂರ ಶಾಸನ ಈಗಾಗಲೇ ಅಚ್ಚಾಗಿರಬಹುದು. ಬಳ್ಳಾರಿಯವರು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 9ನೇ ಸಂಪುಟ ನೋಡಿ. ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲೆವಾರು ಶಾಸನ ಸಂಪುಟಗಳನ್ನೂ ತಂದಿದೆ. ಅಚ್ಚಾಗದ ಕಲ್ಲಾದರೆ ನೀರು, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ, ಅಷ್ಟೇ. ಸುಣ್ಣ, ಎಣ್ಣೆಬಣ್ಣ ಬಳಿದಿದ್ದರೂ ತಂತಿ ಬ್ರಷ್, ಆಸಿಡ್ ಮುಟ್ಟಿಸಬೇಡಿ. ಅಕ್ಷರಕ್ಕೆ ಸೀಮೆಸುಣ್ಣವನ್ನಂತೂ ತುಂಬಲೇಬೇಡಿ. ತಪ್ಪಾಗಿ ತುಂಬಿದರೆ ಮುಂದೆ ಓದುವವರು ಕಲ್ಲಿನ ಅಕ್ಷರ ಬಿಟ್ಟು ನಿಮ್ಮ ಊಹೆಯನ್ನು ಓದುತ್ತಾರೆ. ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿನ ಮಗ್ಗುಲಿಗೆ, ಬೆಳಕು ಮೈ ಸವರುವಂತೆ ಹಿಡಿಯಿರಿ. ಹಗಲಲ್ಲಿ ಕಾಣದ ಕೊಂಬು, ದೀರ್ಘ ನೆರಳಲ್ಲಿ ಎದ್ದು ಬರುತ್ತವೆ. ನಾಲ್ಕೂ ಕಡೆಯಿಂದ ಬೆಳಕು ಕೊಟ್ಟು ಒಂದೊಂದು ಫೋಟೋ, ಪಕ್ಕದಲ್ಲೊಂದು ಅಳತೆಪಟ್ಟಿ.

ಶಾಸನಕ್ಕೆ ತೇದಿ ಹಾಕುವಾಗ ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ; ಮಾಘ, ಫಾಲ್ಗುಣವಾದರೆ 79. ಸಂವತ್ಸರದಿಂದ ತಾಳೆ ನೋಡಿ: ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷವನ್ನು ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿ. ಹತ್ತನೇ ಶತಮಾನದಿಂದ ಈಚಿನವಕ್ಕೆ ಇದು ಹೊಂದುತ್ತದೆ. ಹಂಪಿ ವಿರೂಪಾಕ್ಷ ಗುಡಿಯ ಕೃಷ್ಣದೇವರಾಯನ ಶಾಸನದಲ್ಲಿ ಶಕ 1430 ಸಂದು (ಮುಗಿದು), ನಡೆವ ಶುಕ್ಲ ಸಂವತ್ಸರದ ಮಾಘ ಎಂದಿದೆ. ನಡೆವ ವರ್ಷ 1431. 12 ಕೂಡಿಸಿದರೆ 1443, ಶೇಷ 3, ಪ್ರಭವ, ವಿಭವ, ಶುಕ್ಲ. ಮಾಘವಾದ್ದರಿಂದ 1510. ಒಂದು ವರ್ಷ ಹೆಚ್ಚುಕಮ್ಮಿ ಬಂದರೆ ಸಂವತ್ಸರವನ್ನೇ ನಂಬಿ. ಅದಕ್ಕಿಂತ ಹೆಚ್ಚು ಬಂದರೆ ಅಂಕಿ ಓದಿದ್ದೇ ತಪ್ಪಿರುತ್ತದೆ.

ವೀರಗಲ್ಲಿನಲ್ಲಿ ಅಕ್ಷರ ಇಲ್ಲದಿದ್ದರೂ ಕಲ್ಲಿನ ಕೆಳಭಾಗದ ಕೆತ್ತನೆಯ ಪಟ್ಟಿ ನೋಡಿ. ದನಗಳಿದ್ದರೆ ಅದು ತುರುಗಾಳಗ, ಅಂದರೆ ದನಗಳಿಗಾಗಿ ನಡೆದ ಕಾಳಗ. ಗುಡ್ಡದ ಊರಿಗೆ ದನವೇ ಆಸ್ತಿಯಾಗಿದ್ದ ಕಾಲದ ಗುರುತು.

ಹಿರಿಯರನ್ನು ಇಸವಿ ಕೇಳಿದರೆ ಸುಮ್ಮನೆ ಒಂದು ಅಂಕಿ ಹೇಳಿಬಿಡುತ್ತಾರೆ. 'ಯಜ್ಜಾ, ಇದು ಡ್ಯಾಮ್ ಕಟ್ಟೋಕಿಂತ ಮೊದಲಾ, ಆಮ್ಯಾಲಾ?' ಎಂದು ಕೇಳಿ. ತುಂಗಭದ್ರಾ ಅಣೆಕಟ್ಟು 1953, ಕೊಪ್ಪಳ-ರಾಯಚೂರಿನ ಕಡೆ ರಜಾಕಾರರ ಹಾವಳಿ 1947-48, ಮುತ್ತಾತನ ಕಾಲದ ಮಾತಾದರೆ 1876-78ರ ಧಾತು-ಈಶ್ವರ ಬರ: ಈ ಮೂರು ಗೂಟಗಳು ಸಾಕು. ಸುಗ್ಗಿ ಮುಗಿದ ಮೇಲೆ, ಮನೆತನಗಳ ವಂಶಾವಳಿ ಹೇಳುವ ಹೆಳವರು ಬಂದರೆ ಬಿಡಬೇಡಿ. ಯಾವ ಮನೆತನ ಎಲ್ಲಿಂದ ಬಂತು, ಯಾಕೆ ಬಂತು ಎಂಬುದು ತಲೆಮಾರುಗಳಿಂದ ಅವರ ಬಾಯಲ್ಲಿದೆ. ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿ, ಅವರಿಗೆ ಸಲ್ಲುವ ಕಾಳು-ಕಾಣಿಕೆ ಕೊಡಿ.

ಬರೆಯುವಾಗ ಪ್ರತಿ ಸಂಗತಿಯ ಎದುರಿಗೂ ಆಧಾರ ಇರಲಿ: ಸರ್ವೆ ನಂಬರು, ಶಾಸನದ ಸಾಲು ಇಲ್ಲವೇ ಹೇಳಿದವರ ವಯಸ್ಸು, ಓಣಿ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳನ್ನು ಜನ ಮೋರ್ಯರ ಮನೆ ಎನ್ನುತ್ತಾರೆ. ಅಂಥ ಕಥೆಗಳನ್ನು ಕೈಬಿಡಬೇಡಿ, ಬೇರೆ ಅಧ್ಯಾಯದಲ್ಲಿ ಹೇಳಿದ ಹಾಗೇ ಬರೆಯಿರಿ. ನಿಧಿಗಳ್ಳರ ಕಾಟ ಇರುವ ಸೀಮೆಯಿದು. ಗುಡ್ಡದೊಳಗಿನ ಒಂಟಿ ಗುಡಿ, ಗೋರಿಗಳ ನಿಖರ ಜಾಗ ಅಚ್ಚುಮಾಡದೆ ಪುರಾತತ್ವ ಇಲಾಖೆಗಷ್ಟೇ ತಿಳಿಸಿ. ಅಚ್ಚಾದ ಪುಸ್ತಕದ ಪ್ರತಿಗಳನ್ನು ಊರ ಶಾಲೆಗೂ ಪಂಚಾಯಿತಿ ಗ್ರಂಥಾಲಯಕ್ಕೂ ಕೊಡಿ.